ಗುಣಸ್ಥಾನ, ಷಟ್‌ಸ್ಥಲ, ತಾರತಮ್ಯ: ದೈವಸ್ವರೂಪ ಮತ್ತು ಆತ್ಮವಿಕಾಸದ ಮೂರು ಕಲ್ಪನೆಗಳು

ದೇವರೊಬ್ಬನೇ, ಹೆಸರು ಹಲವು ಎಂಬ ಮಾತು ನಮ್ಮ ಜನಜೀವನದಲ್ಲಿ ಆಳವಾಗಿ ಬೇರೂರಿದೆ. ಭಿನ್ನಮತಗಳ ಜನರು ನೆರೆಹೊರೆಯಾಗಿ ಬಾಳುವುದಕ್ಕೆ ಈ ಮಾತಿನಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಗ್ರಂಥಗಳ ಅಧ್ಯಯನಕ್ಕೆ ತೊಡಗಿದವರು ಈ ಮಾತನ್ನೇ ತತ್ತ್ವನಿರ್ಣಯವೆಂದು ಭಾವಿಸಿದರೆ ಆಯಾ ಪರಂಪರೆಯ ಆಚಾರ್ಯರು, ಶರಣರು, ದಾಸರು ಜೀವಮಾನವಿಡೀ ಯಾವುದಕ್ಕಾಗಿ ಚಿಂತಿಸಿದರೋ ಅದೇ ಕೈತಪ್ಪಿ ಹೋಗುತ್ತದೆ. ದೇವರ ಸ್ವರೂಪವನ್ನು ಒಬ್ಬರು ಹೇಗೆ ಭಾವಿಸುತ್ತಾರೆಂಬುದರ ಮೇಲೆ ಮನುಷ್ಯನ ಬೆಳವಣಿಗೆಯ ಅರ್ಥವೂ ನಿರ್ಧಾರವಾಗುತ್ತದೆ. ಯಾರು ಏರಬಲ್ಲರು, ಯಾರ ಬಲದಿಂದ ಏರುತ್ತಾರೆ, ಏರಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ಆ ಭಾವನೆಯನ್ನು ಅನುಸರಿಸಿಯೇ ಬದಲಾಗುತ್ತವೆ.

ಕನ್ನಡ ನಾಡಿನಲ್ಲಿ ಆತ್ಮವಿಕಾಸವನ್ನು ಹಂತಹಂತವಾಗಿ ನಿರೂಪಿಸಿದ ಮೂರು ವ್ಯವಸ್ಥೆಗಳು ವಿಶೇಷವಾಗಿ ಬೆಳೆದವು. ಜೈನರ ಹದಿನಾಲ್ಕು ಗುಣಸ್ಥಾನಗಳು, ಶರಣರ ಷಟ್‌ಸ್ಥಲ ಮತ್ತು ಮಾಧ್ವರ ತಾರತಮ್ಯ ಸಿದ್ಧಾಂತ ಇವೇ ಆ ಮೂರು. ಅದ್ವೈತ ಹಾಗೂ ವಿಶಿಷ್ಟಾದ್ವೈತ ಪರಂಪರೆಗಳಿಗೂ ಇಲ್ಲಿ ಶೃಂಗೇರಿ, ಮೇಲುಕೋಟೆಗಳಂತಹ ಕೇಂದ್ರಗಳಿದ್ದು, ಅವುಗಳ ವಿಚಾರ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದದ್ದು. ಮೇಲಿನ ಮೂರನ್ನು ಒಟ್ಟಿಗಿಟ್ಟು ನೋಡಿ, ಅವು ಎಲ್ಲಿ ಸಮೀಪಿಸುತ್ತವೆ, ಎಲ್ಲಿ ಬೇರ್ಪಡುತ್ತವೆ ಎಂಬುದನ್ನು ಗುರುತಿಸುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ.

1. ಗುಣಸ್ಥಾನ: ಕರ್ತೃವಿಲ್ಲದ ಲೋಕದಲ್ಲಿ ಆತ್ಮದ ಏರಿಕೆ

ಜೈನದರ್ಶನದಲ್ಲಿ ಲೋಕವನ್ನು ಸೃಷ್ಟಿಸಿದ, ಫಲವನ್ನು ಕೊಡುವ ಈಶ್ವರನಿಲ್ಲ. ಲೋಕ ಅನಾದಿ. ಜೀವಗಳು ಅನಂತ. ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳು ಪ್ರತಿಯೊಂದು ಜೀವದ ಸಹಜ ಸಂಪತ್ತು. ಕರ್ಮವೆಂಬ ಸೂಕ್ಷ್ಮ ಪುದ್ಗಲ ಅದನ್ನು ಮುಸುಕಿದೆ. ಆದ್ದರಿಂದ ಇಲ್ಲಿ ಬೆಳವಣಿಗೆ ಎಂದರೆ ಹೊರಗಿನಿಂದ ಏನನ್ನೋ ಪಡೆಯುವುದಲ್ಲ, ಅಂಟಿದ್ದನ್ನು ಕಳೆದುಕೊಳ್ಳುವುದು. ಅರ್ಹಂತರನ್ನೂ ಸಿದ್ಧರನ್ನೂ ಪೂಜಿಸುವುದು ಅವರಿಂದ ವರವನ್ನು ಪಡೆಯುವುದಕ್ಕಲ್ಲ. ಪೂಜಕನಲ್ಲಿ ಅಡಗಿರುವುದು ಅವರಲ್ಲಿ ಪ್ರಕಟವಾಗಿದೆ ಎಂಬ ಅರಿವೇ ಆ ಪೂಜೆಯ ತಿರುಳು.

ಈ ಕಳೆದುಕೊಳ್ಳುವಿಕೆಯ ಲೆಕ್ಕವೇ ಗುಣಸ್ಥಾನ. ಮಿಥ್ಯಾದೃಷ್ಟಿಯು ಮೊದಲನೆಯದು. ನಾಲ್ಕನೆಯದಾದ ಅವಿರತ ಸಮ್ಯಗ್ದೃಷ್ಟಿಯಲ್ಲಿ ನೋಟ ಸರಿಯಾಗಿದೆ, ವ್ರತ ಇನ್ನೂ ಬಂದಿಲ್ಲ. ಐದನೆಯದು ಅಣುವ್ರತಗಳನ್ನು ಹಿಡಿದ ಗೃಹಸ್ಥನದು. ಶ್ರಾವಕನ ಹನ್ನೊಂದು ಪ್ರತಿಮೆಗಳು ಇದರೊಳಗೇ ಬರುತ್ತವೆ. ಆರನೆಯದರಿಂದ ಮುನಿಯ ದಾರಿ. ಎಂಟನೆಯದರಲ್ಲಿ ಎರಡು ಶ್ರೇಣಿಗಳು ಕವಲೊಡೆಯುತ್ತವೆ. ಮೋಹವನ್ನು ಅಡಗಿಸುತ್ತ ಏರುವುದು ಉಪಶಮಶ್ರೇಣಿ, ಅದನ್ನು ಕ್ಷಯಗೊಳಿಸುತ್ತ ಏರುವುದು ಕ್ಷಪಕಶ್ರೇಣಿ. ಅಡಗಿಸಿದವನು ಹನ್ನೊಂದನೆಯ ಸ್ಥಾನದವರೆಗೆ ಹೋಗಿ, ಅಡಗಿದ್ದು ಮತ್ತೆ ತಲೆಯೆತ್ತಿದಾಗ ಅಲ್ಲಿಂದ ಇಳಿಯಲೇಬೇಕು. ಕ್ಷಯಗೊಳಿಸಿದವನು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಲ್ಲುತ್ತಾನೆ, ಅವನಿಗೆ ಪತನವಿಲ್ಲ. ಹದಿಮೂರನೆಯದು ಸಯೋಗಕೇವಲಿಯ ಸ್ಥಾನ. ಹದಿನಾಲ್ಕನೆಯದು ಐದು ಹ್ರಸ್ವಾಕ್ಷರಗಳನ್ನು ಉಚ್ಚರಿಸುವಷ್ಟು ಅಲ್ಪಕಾಲದ್ದು. ಅನಂತರ ಸಿದ್ಧತ್ವ.

ಏರಿಕೆಯಷ್ಟೇ ಪತನವನ್ನೂ ಸೂಕ್ಷ್ಮವಾಗಿ ವಿವರಿಸಿರುವುದು ಈ ವ್ಯವಸ್ಥೆಯ ಹೆಚ್ಚುಗಾರಿಕೆ. ಎರಡನೆಯ ಗುಣಸ್ಥಾನವಾದ ಸಾಸಾದನವು ಏರುವವನ ಮೆಟ್ಟಿಲಲ್ಲ, ಜಾರುವವನದು. ಸಮ್ಯಕ್ತ್ವವೆಂಬ ರತ್ನಪರ್ವತದ ತುದಿಯಿಂದ ಉರುಳಿ, ಮಿಥ್ಯಾತ್ವದ ನೆಲವನ್ನು ಇನ್ನೂ ಮುಟ್ಟದಿರುವ ನಡುವಿನ ಕ್ಷಣ ಅದು ಎಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರವು ಹೋಲಿಕೆ ಕೊಡುತ್ತದೆ. ಹತ್ತನೆಯ ಶತಮಾನದ ಈ ಆಚಾರ್ಯನು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರು. ಇದಕ್ಕೂ ಮೂಲವಾದ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ತಾಳೆಗರಿಗಳು ಮೂಡುಬಿದಿರೆಯಲ್ಲಿ ಉಳಿದುಬಂದವು. ಪ್ರಾಕೃತ, ಸಂಸ್ಕೃತಗಳ ಈ ಶಾಸ್ತ್ರವನ್ನು ಕತೆಯ ರೂಪದಲ್ಲಿ ಕನ್ನಡಿಗರಿಗೆ ಕಾಣಿಸಿದವನು ಪಂಪ. ಕ್ರಿ.ಶ. 941ರ ಆದಿಪುರಾಣದ ಭವಾವಳಿಯಲ್ಲಿ ಮಹಾಬಲನಾಗಿ, ಲಲಿತಾಂಗದೇವನಾಗಿ, ವಜ್ರಜಂಘನಾಗಿ ಹುಟ್ಟುತ್ತ ಸಾಗುವುದು ಒಂದೇ ಜೀವ. ಲಲಿತಾಂಗನು ಸ್ವರ್ಗದ ದೇವನಾಗಿದ್ದರೂ ಅದು ಭೋಗದ ಸ್ಥಿತಿಯೇ ಹೊರತು ಮುಕ್ತಿಯಲ್ಲ. ಜೈನಸಿದ್ಧಾಂತದಂತೆ ದೇವಗತಿಯ ಜೀವವು ನಾಲ್ಕನೆಯ ಗುಣಸ್ಥಾನವನ್ನು ದಾಟಲಾರದು. ಅಣುವ್ರತಧಾರಿಯಾದ ಸಾಮಾನ್ಯ ಗೃಹಸ್ಥನು ಈ ಲೆಕ್ಕದಲ್ಲಿ ದೇವೇಂದ್ರನಿಗಿಂತ ಒಂದು ಮೆಟ್ಟಿಲು ಮೇಲಿದ್ದಾನೆ. ಮನುಷ್ಯಜನ್ಮಕ್ಕೆ ಇದಕ್ಕಿಂತ ದೊಡ್ಡ ಗೌರವವನ್ನು ಕಲ್ಪಿಸುವುದು ಕಷ್ಟ.

ಹಾಗಾದರೆ ಎಲ್ಲರೂ ಏರಬಲ್ಲರೇ? ಇಲ್ಲಿ ಎರಡು ತೊಡಕುಗಳಿವೆ. ಭವ್ಯ ಮತ್ತು ಅಭವ್ಯ ಎಂಬ ವಿಭಾಗವನ್ನು ಒಪ್ಪುವ ಜೈನರು ಅಭವ್ಯಜೀವವು ಮೊದಲ ಗುಣಸ್ಥಾನದಿಂದ ಎಂದೂ ಮೇಲೇಳದೆಂದು ಹೇಳುತ್ತಾರೆ. ಎರಡನೆಯದು ಸ್ತ್ರೀಮುಕ್ತಿಯ ಪ್ರಶ್ನೆ. ದಿಗಂಬರ ಮತವು ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲವೆಂದರೆ, ಕರ್ನಾಟಕದಲ್ಲಿ ಪ್ರಬಲವಾಗಿದ್ದ ಯಾಪನೀಯರು ಅದನ್ನು ಒಪ್ಪಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಪ್ರತ್ಯೇಕ ಪ್ರಕರಣವನ್ನೇ ರಚಿಸಿದನು. ಒಂದೇ ಧರ್ಮದೊಳಗೂ ಈ ಪ್ರಶ್ನೆ ಇತ್ಯರ್ಥವಾಗದೆ ಚರ್ಚೆಗೆ ಒಳಗಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

2. ಷಟ್‌ಸ್ಥಲ: ಅಂಗವೇ ಲಿಂಗವಾಗುವ ದಾರಿ

ಹನ್ನೆರಡನೆಯ ಶತಮಾನದ ಶರಣರಿಗೆ ಪರಶಿವನಿದ್ದಾನೆ. ಆದರೆ ಅವನು ಜೀವನಿಂದ ದೂರವಿರುವ ಒಡೆಯ ಮಾತ್ರನಲ್ಲ. ನಿರೂಪವಾದ ಸ್ಥಲವು ತನ್ನ ಶಕ್ತಿಯ ಚಲನೆಯಿಂದ ಲಿಂಗ ಮತ್ತು ಅಂಗ ಎಂದು ಎರಡಾಯಿತು. ಲಿಂಗ ಉಪಾಸ್ಯ, ಅಂಗ ಉಪಾಸಕ. ಲಿಂಗದ ಕಡೆಗೆ ಕಲಾಶಕ್ತಿ, ಅಂಗದ ಕಡೆಗೆ ಭಕ್ತಿ. ಒಂದೇ ವಸ್ತು ಎರಡಾದದ್ದರಿಂದ ಆ ಎರಡು ಮತ್ತೆ ಸಮರಸಗೊಳ್ಳುವುದು ಸಾಧ್ಯ. ಬೆಳವಣಿಗೆ ಎಂದರೆ ಇಲ್ಲಿ ಈ ಮರಳುವಿಕೆ.

ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಭಕ್ತಿಗಳೂ, ಆಚಾರಲಿಂಗದಿಂದ ಮಹಾಲಿಂಗದವರೆಗಿನ ಆರು ಲಿಂಗಗಳೂ ಹೊಂದಿಕೊಂಡಿವೆ. ಭಕ್ತನು ಗುರು, ಲಿಂಗ, ಜಂಗಮಗಳಲ್ಲಿ ಶ್ರದ್ಧೆಯಿಟ್ಟು ಕಾಯಕ, ದಾಸೋಹಗಳಲ್ಲಿ ನಿರತನು. ಮಹೇಶ್ವರನಲ್ಲಿ ಆ ಶ್ರದ್ಧೆ ಅಲುಗದ ನಿಷ್ಠೆಯಾಗುತ್ತದೆ. ಪ್ರಸಾದಿಯು ತನಗೆ ಒದಗಿದ್ದೆಲ್ಲವನ್ನೂ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಕೈಗೊಳ್ಳುತ್ತಾನೆ. ಪ್ರಾಣಲಿಂಗಿಯಲ್ಲಿ ಪೂಜೆ ಅಂತರ್ಮುಖವಾಗುತ್ತದೆ. ಶರಣನು ಸತಿ, ಲಿಂಗವು ಪತಿ. ಐಕ್ಯದಲ್ಲಿ ಆ ಎರಡರ ಎಣಿಕೆಯೂ ಉಳಿಯದು.

ಈ ಆರನ್ನು ಒಂದರ ಮೇಲೊಂದು ಜೋಡಿಸಿದ ಮೆಟ್ಟಿಲುಗಳೆಂದು ಪಠ್ಯಗಳಲ್ಲಿ ವಿವರಿಸುವುದು ವಾಡಿಕೆ. ಶರಣಸಾಹಿತ್ಯವು ಇಷ್ಟು ಸರಳವಾದ ಚಿತ್ರವನ್ನು ಕೊಡುವುದಿಲ್ಲ. ಷಟ್‌ಸ್ಥಲವನ್ನು ಶಾಸ್ತ್ರವಾಗಿ ಬೆಳೆಸಿದ ಕೀರ್ತಿಯನ್ನು ಪರಂಪರೆಯು ಚನ್ನಬಸವಣ್ಣನಿಗೆ ಸಲ್ಲಿಸುತ್ತದೆ. ಈ ಶಾಸ್ತ್ರದಲ್ಲಿ ಪ್ರತಿ ಸ್ಥಲದೊಳಗೂ ಉಳಿದ ಸ್ಥಲಗಳು ಮಿಶ್ರಗೊಂಡು ಆರು ಮೂವತ್ತಾರಾಗಿ, ಮೂವತ್ತಾರು ಇನ್ನೂರ ಹದಿನಾರಾಗಿ ವಿಸ್ತರಿಸುತ್ತವೆ. ಭಕ್ತನಲ್ಲಿಯೂ ಐಕ್ಯದ ಅಂಶವಿದೆ, ಐಕ್ಯನಲ್ಲಿಯೂ ಭಕ್ತನ ಶ್ರದ್ಧೆ ಉಳಿದಿದೆ ಎಂಬುದು ಈ ಗುಣಾಕಾರದ ಹಿಂದಿರುವ ತಿಳಿವಳಿಕೆ. ಬೀಜದಲ್ಲಿ ಮರವೂ ಮರದಲ್ಲಿ ಬೀಜವೂ ಇರುವಂತೆ ಎಂದರೆ ಇದನ್ನು ಸ್ಥೂಲವಾಗಿ ತಿಳಿಯಬಹುದು.

ಕೆಳಗಿನ ಸ್ಥಲದಲ್ಲಿ ಮೇಲಿನದು ಇರುವುದೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಉತ್ತಮ ನಿದರ್ಶನ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದು ಆಸೆಯ ಗುರುತೆಂದು ಎಚ್ಚರಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳುತ್ತಾಳೆ. ಅಕ್ಕಿಯ ಅಳತೆಯಲ್ಲಿಯೇ ನಿಷ್ಠೆಯೂ ಅವಧಾನವೂ ಪರೀಕ್ಷೆಗೆ ಒಳಗಾದವು. ಪತಿಗೆ ದಾರಿ ತೋರಿದವಳು ಸತಿ. ಸೊನ್ನಲಿಗೆಯಲ್ಲಿ ಕೆರೆ, ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮನು ಎದುರಿಸುವ ಶೂನ್ಯಸಂಪಾದನೆಯ ಭಾಗವನ್ನೂ ಇಲ್ಲಿ ನೆನೆಯಬಹುದು. ಲೋಕೋಪಕಾರವು ದೊಡ್ಡದಾದರೂ ಮಾಡುವವನೆಂಬ ಅಹಂಕಾರ ಉಳಿದಲ್ಲಿ ಅಂಗವು ಲಿಂಗವಾಗದು ಎಂಬುದು ಆ ಸಂವಾದದ ಹುರುಳು.

ಏರುವ ಹಕ್ಕಿನ ವಿಷಯದಲ್ಲಿ ಷಟ್‌ಸ್ಥಲವು ಉಳಿದೆರಡಕ್ಕಿಂತ ಭಿನ್ನವಾಗಿದೆ. ಸ್ವಭಾವತಃ ಮುಕ್ತಿಗೆ ಅನರ್ಹವಾದ ಜೀವವರ್ಗವೊಂದನ್ನು ಅದು ಕಲ್ಪಿಸುವುದಿಲ್ಲ. ಎಲ್ಲ ಅಂಗವೂ ಲಿಂಗದಿಂದಲೇ ಬಂದಿರುವಾಗ ಯಾವ ಅಂಗಕ್ಕೆ ಬಾಗಿಲು ಮುಚ್ಚುವುದು? ಹುಟ್ಟು, ಕಸುಬು, ಲಿಂಗಭೇದಗಳನ್ನು ಮೀರಿದ ಶರಣರ ಸಾಮಾಜಿಕ ನಿಲುವು ಅವರ ದೈವಕಲ್ಪನೆಯ ನೇರ ಫಲವೆಂದು ಇಲ್ಲಿ ಹೇಳಬೇಕಾಗುತ್ತದೆ.

3. ತಾರತಮ್ಯ: ಸ್ವರೂಪದ ಅರಳುವಿಕೆ

ಉಡುಪಿಯ ಸಮೀಪದ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ವಿಷ್ಣುವೊಬ್ಬನೇ ಸ್ವತಂತ್ರ. ಉಳಿದುದೆಲ್ಲವೂ ಅವನ ಅಧೀನ. ಈಶ್ವರ, ಜೀವ, ಜಡಗಳ ನಡುವಣ ಐದು ಬಗೆಯ ಭೇದಗಳು ನಿತ್ಯ, ಸತ್ಯ. ಜೀವನು ಭಗವಂತನ ಪ್ರತಿಬಿಂಬ. ಪ್ರತಿಬಿಂಬವೆಂದರೆ ಸುಳ್ಳೆಂದಲ್ಲ. ಬಿಂಬವನ್ನು ಸದಾ ಅವಲಂಬಿಸಿರುವುದು, ಅದನ್ನು ಕಿಂಚಿತ್ ಹೋಲುವುದು ಎಂದು ಅರ್ಥ.

ಇಂತಹ ಜೀವನು ಬೆಳೆಯುವುದೆಂದರೆ ದೇವನಾಗುವುದಲ್ಲ. ತನ್ನಲ್ಲಿ ಅನಾದಿಯಿಂದ ಇರುವ ಸ್ವರೂಪವು ಮರೆಯಿಲ್ಲದೆ ಪ್ರಕಟವಾಗುವುದೇ ಬೆಳವಣಿಗೆ. ವೈರಾಗ್ಯ, ಭಕ್ತಿ, ಶ್ರವಣ, ಮನನ, ಧ್ಯಾನಗಳ ಮೂಲಕ ಸಾಧಕನು ಅಪರೋಕ್ಷಜ್ಞಾನವನ್ನು ಪಡೆಯುತ್ತಾನೆ. ಅದೂ ಸ್ವಯೋಗ್ಯತೆಗೆ ತಕ್ಕಷ್ಟೇ. ಮಹಿಮೆಯ ಅರಿವಿನಿಂದ ಕೂಡಿ, ಎಲ್ಲಕ್ಕಿಂತ ಮಿಗಿಲಾಗಿ ನಿಂತ ದೃಢವಾದ ಸ್ನೇಹವನ್ನು ಆಚಾರ್ಯರು ಭಕ್ತಿಯೆಂದು ಕರೆದರು. ಆದರೆ ಜ್ಞಾನ, ಭಕ್ತಿಗಳಿದ್ದರೂ ಮೋಕ್ಷ ಕೊಡುವುದು ಭಗವಂತನ ಪ್ರಸಾದವೇ. ಮುಕ್ತಿಯಲ್ಲಿಯೂ ಆನಂದಕ್ಕೆ ತಾರತಮ್ಯವಿದೆ. ಬೇರೆಬೇರೆ ಗಾತ್ರದ ಪಾತ್ರೆಗಳೆಲ್ಲವೂ ತುಂಬಿರುವಾಗ ಯಾವುದಕ್ಕೂ ಕೊರತೆಯಿಲ್ಲ, ಆದರೂ ಅಳತೆ ಬೇರೆ ಎಂಬ ದೃಷ್ಟಾಂತವನ್ನು ಸಂಪ್ರದಾಯದಲ್ಲಿ ಕೊಡುತ್ತಾರೆ. ಮುಕ್ತರಲ್ಲಿ ಈರ್ಷ್ಯೆಯಿಲ್ಲದ್ದರಿಂದ ಈ ಅಂತರವು ದುಃಖಕ್ಕೆ ಕಾರಣವಾಗದು.

ಮಾಧ್ವಸಿದ್ಧಾಂತದಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಜೀವತ್ರೈವಿಧ್ಯ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಈ ವಿಭಾಗದಂತೆ ಎಲ್ಲರೂ ಏರುವವರಲ್ಲ. ಜೈನರ ಅಭವ್ಯಕಲ್ಪನೆಯೊಡನೆ ಇದನ್ನು ಹೋಲಿಸಬಹುದಾದರೂ ಕಾರಣ ಬೇರೆಯಾಗಿದೆ. ಈಶ್ವರನು ಪಕ್ಷಪಾತಿಯೆಂಬ ಆಕ್ಷೇಪವನ್ನು ಪರಿಹರಿಸಲು ಮಾಧ್ವರು ಜೀವರ ಅನಾದಿಯೋಗ್ಯತೆಯನ್ನು ಆಧಾರವಾಗಿ ಹಿಡಿಯುತ್ತಾರೆ. ಲೋಕದಲ್ಲಿ ಕಾಣುವ ವೈಷಮ್ಯಕ್ಕೆ ದೇವರ ಇಚ್ಛೆಯೊಂದೇ ಹೊಣೆಯಲ್ಲ, ಜೀವಸ್ವಭಾವವೂ ಹೊಣೆ ಎಂಬುದು ಅವರ ವಾದ. ಸರ್ವಶಕ್ತನಾದ ಸ್ವತಂತ್ರ ದೇವರನ್ನು ಒಪ್ಪಿದವರಿಗೆ ಮಾತ್ರ ಎದುರಾಗುವ ತೊಡಕು ಇದು. ಕರ್ತೃವನ್ನೇ ಒಪ್ಪದ ಜೈನರಿಗೆ ಈ ಪ್ರಶ್ನೆಯಿಲ್ಲ.

ಈ ಕಠಿಣವಾದ ಸಿದ್ಧಾಂತವನ್ನು ಕನ್ನಡದ ಹರಿದಾಸರು ಹಾಡಿನ ದಾರಿಯಲ್ಲಿ ಜನರ ಬಳಿಗೆ ಒಯ್ದರು. ಜಗನ್ನಾಥದಾಸರ ಹರಿಕಥಾಮೃತಸಾರವು ತಾರತಮ್ಯವನ್ನು ಭಾಮಿನಿ ಷಟ್ಪದಿಯಲ್ಲಿ ನಿರೂಪಿಸಿತು. ಪುರಂದರದಾಸ, ಕನಕದಾಸರಲ್ಲಿ ಯೋಗ್ಯತೆಯ ಲೆಕ್ಕಾಚಾರಕ್ಕಿಂತ ನಾಮಸ್ಮರಣೆಗೆ ಒತ್ತು ಬಿದ್ದಿತು. ತನ್ನ ಸ್ವರೂಪವೇನೆಂದು ತಾನೇ ಅರಿಯದ ಮನುಷ್ಯನು ಮಾಡಬಹುದಾದದ್ದು ಭಕ್ತಿಯೊಂದೇ ಅಲ್ಲವೇ? ಕನಕದಾಸರ ರಾಮಧಾನ್ಯಚರಿತೆಯಲ್ಲಿ ಭತ್ತ, ರಾಗಿಗಳೆರಡೂ ತಾನೇ ಹೆಚ್ಚೆಂದು ಕಾದಾಡಿ, ಆರು ತಿಂಗಳ ಸೆರೆಯ ಬಳಿಕ ಕೆಡದೆ ಉಳಿದ ರಾಗಿಯೇ ರಾಮನ ಮೆಚ್ಚುಗೆಯನ್ನು ಪಡೆಯುತ್ತದೆ. ಹೆಚ್ಚು ಕಡಿಮೆಗಳಿಲ್ಲವೆಂದು ಆ ಕೃತಿ ಹೇಳುವುದಿಲ್ಲ. ಅವನ್ನು ಅಳೆಯುವ ಅಧಿಕಾರ ಊರಿನ ಪ್ರತಿಷ್ಠೆಗಿಲ್ಲ, ದೇವರಿಗಿದೆ ಎಂದು ಹೇಳುತ್ತದೆ. ತಾರತಮ್ಯವನ್ನು ಒಪ್ಪಿದ ಪರಂಪರೆಯೊಳಗಿದ್ದೇ ಹುಟ್ಟಿನ ಹೆಮ್ಮೆಯನ್ನು ಪ್ರಶ್ನಿಸಿದ ರೀತಿ ಇದು.

4. ಒಂದೇ ಪದ, ಬೇರೆ ಅರ್ಥ

ಮೂರು ಪರಂಪರೆಗಳೂ ಕನ್ನಡವನ್ನೇ ಬಳಸಿದ್ದರಿಂದ ಅನೇಕ ಪದಗಳು ಮೂವರಿಗೂ ಸಮಾನವಾಗಿವೆ. ಓದುಗರು ಎಡವುವುದೂ ಇಲ್ಲಿಯೇ. ‘ದೇವ’ ಎಂಬುದು ಜೈನಪುರಾಣದಲ್ಲಿ ಬಹುಮಟ್ಟಿಗೆ ಸಂಸಾರದೊಳಗಿನ ಸ್ವರ್ಗವಾಸಿ. ಶರಣರಲ್ಲಿ ಅದು ಏಕೈಕ ಪರಶಿವ. ಮಾಧ್ವರಲ್ಲಿ ಹರಿಯ ಅಧೀನದಲ್ಲಿ ತಾರತಮ್ಯದಿಂದ ನಿಂತ ದೇವತೆಗಳ ಸಾಲೇ ಉಂಟು. ‘ಪ್ರಸಾದ’ವು ಶರಣರಿಗೆ ಅರ್ಪಿಸಿ ಸ್ವೀಕರಿಸಿದ ಬದುಕಿನ ಸಮಸ್ತ. ಮಾಧ್ವರಿಗೆ ಮೋಕ್ಷವನ್ನು ಕೊಡುವ ಭಗವಂತನ ಪ್ರಸನ್ನತೆ. ಕರ್ಮಕ್ಷಯದಿಂದಲೇ ಮುಕ್ತಿಯೆನ್ನುವ ಗುಣಸ್ಥಾನಕ್ರಮದಲ್ಲಿ ಅಂತಹ ಅನುಗ್ರಹಕ್ಕೆ ಸ್ಥಾನವಿಲ್ಲ. ‘ಲಿಂಗ’ ಪದದಲ್ಲಂತೂ ಅಂತರವು ವಿರೋಧದ ಮಟ್ಟವನ್ನು ಮುಟ್ಟುತ್ತದೆ. ಷಟ್‌ಸ್ಥಲದಲ್ಲಿ ಲಿಂಗವೇ ಪರವಸ್ತು, ಅದರಲ್ಲಿ ಐಕ್ಯವಾಗುವುದೇ ಗುರಿ. ಮಾಧ್ವ ಗ್ರಂಥಗಳಲ್ಲಿ ಲಿಂಗಶರೀರವು ಜೀವನನ್ನು ಅನಾದಿಯಿಂದ ಕಟ್ಟಿದ ಆವರಣ, ಅದರ ಭಂಗವಾದಲ್ಲದೆ ಮುಕ್ತಿಯಿಲ್ಲ. ಮೋಕ್ಷ, ಮುಕ್ತಿ, ಐಕ್ಯ ಎಂಬ ಪದಗಳನ್ನು ಪರ್ಯಾಯವೆಂಬಂತೆ ನಿಘಂಟಿನಲ್ಲೋ ಪಠ್ಯದಲ್ಲೋ ಕೊಡುವಾಗ ಈ ಅಂತರವನ್ನು ಗಮನಿಸುವುದು ಅಗತ್ಯ.

ಅಂತಿಮಸ್ಥಿತಿಯ ಚಿತ್ರಗಳೂ ಹೀಗೆಯೇ ಬೇರ್ಪಡುತ್ತವೆ. ಜೈನರ ಸಿದ್ಧಶಿಲೆಯಲ್ಲಿ ಅನಂತ ಸಿದ್ಧರು ಪ್ರತ್ಯೇಕವಾಗಿದ್ದೂ ಜ್ಞಾನ, ಸುಖಗಳಲ್ಲಿ ಸಮಾನರು. ಶರಣರ ಐಕ್ಯದಲ್ಲಿ ಹೋಲಿಸುವುದಕ್ಕೆ ಇಬ್ಬರಿಲ್ಲ. ಮಾಧ್ವರ ಮೋಕ್ಷದಲ್ಲಿ ಪ್ರತ್ಯೇಕತೆಯೂ ಇದೆ, ಅಸಮಾನತೆಯೂ ಇದೆ, ಪೂರ್ಣತೃಪ್ತಿಯೂ ಇದೆ. ಸಮಾನತೆ, ಅಭೇದ, ತೃಪ್ತಿ ಎಂಬ ಮೂರು ಮೌಲ್ಯಗಳಲ್ಲಿ ಒಬ್ಬೊಬ್ಬರು ಒಂದೊಂದನ್ನು ಶಿಖರದಲ್ಲಿಟ್ಟರೆಂದು ಇದನ್ನು ಸಂಗ್ರಹಿಸಬಹುದು.

5. ಭೇದ ಮತ್ತು ಸಹಬಾಳ್ವೆ

ಈ ಭೇದಗಳು ಪಂಡಿತರ ವಾದಗಳಲ್ಲಷ್ಟೇ ಉಳಿಯಲಿಲ್ಲ. ಕ್ರಿ.ಶ. 1200ರ ಸುಮಾರಿನ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣತೊಟ್ಟು ತಲೆಯನ್ನೇ ಅರಿದುಕೊಟ್ಟು ಮರಳಿ ಪಡೆದುದನ್ನೂ ಜಿನಬಿಂಬವನ್ನು ಒಡೆದು ಶಿವಾಲಯವನ್ನು ನಿಲ್ಲಿಸಿದುದನ್ನೂ ದಾಖಲಿಸುತ್ತದೆ. ದೇವರ ಸ್ವರೂಪವನ್ನು ಕುರಿತ ವಿವಾದವು ಕಲ್ಲು, ಲೋಹಗಳಿಗೆ ಇಳಿದಾಗ ಏನಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಎದುರಾಗಿ ಶ್ರವಣಬೆಳಗೊಳದ 1368ರ ಶಾಸನವನ್ನು ಇಟ್ಟು ನೋಡಬೇಕು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ವಿಚಾರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ತೀರ್ಪು ಕೊಟ್ಟನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನದರ್ಶನಕ್ಕೆ ಎಂದಿನಂತೆ ಸಲ್ಲಬೇಕು, ಅದಕ್ಕೆ ಹಾನಿಯಾದರೂ ವೃದ್ಧಿಯಾದರೂ ವೈಷ್ಣವರು ತಮ್ಮದೆಂದೇ ಬಗೆಯಬೇಕು ಎಂಬುದು ಅದರ ಆಶಯ. ಎರಡು ದರ್ಶನಗಳಿಗೆ ಭೇದವಿಲ್ಲವೆಂಬ ಮಾತು ಈ ಶಾಸನದಲ್ಲಿದೆ. ಅಲ್ಲಿ ಅಭೇದವನ್ನು ಸಾರಿರುವುದು ಮಾನ, ಮನ್ನಣೆ, ರಕ್ಷಣೆಗಳ ವಿಷಯದಲ್ಲಿಯೇ ಹೊರತು ತತ್ತ್ವದ ವಿಷಯದಲ್ಲಿ ಅಲ್ಲ. ಜೈನನು ಜಗತ್ಕರ್ತನನ್ನು ಒಪ್ಪಬೇಕೆಂದಾಗಲಿ, ವೈಷ್ಣವನು ಬಿಡಬೇಕೆಂದಾಗಲಿ ಅರಸನು ಹೇಳಲಿಲ್ಲ.

ಇಂತಹ ಸಹಬಾಳ್ವೆ ಸಾಧ್ಯವಾದದ್ದಕ್ಕೆ ಮೂರು ವ್ಯವಸ್ಥೆಗಳ ರಚನೆಯಲ್ಲಿಯೇ ಒಂದು ಕಾರಣವಿದೆ ಎಂದು ತೋರುತ್ತದೆ. ಅವುಗಳ ಕೆಳಗಿನ ಮೆಟ್ಟಿಲುಗಳು ಪರಸ್ಪರ ಬಹಳ ಹತ್ತಿರದಲ್ಲಿವೆ. ಕೊಲ್ಲದಿರುವುದು, ಕಳದಿರುವುದು, ಹುಸಿಯಾಡದಿರುವುದು, ಪರಧನ ಪರಸತಿಯರಿಗೆ ಅಳುಪದಿರುವುದು, ಕೋಪವನ್ನು ಗೆಲ್ಲುವುದು ಇವು ಅಣುವ್ರತಿಗೂ ಭಕ್ತನಿಗೂ ಹರಿದಾಸನಿಗೂ ಸಮಾನ. ಒಂದೇ ಊರಿನ ಬೀದಿಯಲ್ಲಿ ನಡೆಯುವಾಗ ಮೂವರ ನಡತೆಯೂ ಒಂದೇ ಆಗಿ ಕಾಣುವುದು ಸಹಜ. ಮೇಲೆ ಹೋದಂತೆ ದಾರಿಗಳು ಅಗಲುತ್ತವೆ, ತುದಿಯಲ್ಲಿ ಒಂದನ್ನೊಂದು ಕೂಡುವುದಿಲ್ಲ. ಬೆಟ್ಟ ಒಂದೇ, ದಾರಿ ಹಲವು ಎಂಬ ಪ್ರಸಿದ್ಧ ಉಪಮೆಗೆ ಇದು ವಿರುದ್ಧವಾದ ಚಿತ್ರ. ತಪ್ಪಲು ಒಂದೇ, ಶಿಖರಗಳು ಬೇರೆ ಎಂಬುದು ಈ ಮೂರರ ಮಟ್ಟಿಗೆ ಹೆಚ್ಚು ನಿಜ.

ಕೆಳಗಿನ ಮೆಟ್ಟಿಲಿನಲ್ಲಿಯೂ ಒಂದೇ ನಡತೆಗೆ ಮೂರು ಕಾರಣಗಳಿವೆ. ಹಿಂಸೆ ಮಾಡಿದರೆ ಕರ್ಮ ಅಂಟುತ್ತದೆಂದು ಜೈನನು ಹಿಂಜರಿದರೆ, ಇದಿರಿನ ಜೀವವೂ ಲಿಂಗದ ಅಂಗವೆಂದು ಶರಣನು ಹಿಂಜರಿಯುತ್ತಾನೆ. ಎಲ್ಲರೊಳಗೂ ಅಂತರ್ಯಾಮಿಯಾದ ಹರಿಯಿದ್ದಾನೆಂದು ದಾಸನು ಹಿಂಜರಿಯುತ್ತಾನೆ. ನಡತೆಯ ಸಾಮ್ಯವನ್ನು ಗೌರವಿಸುತ್ತ ಕಾರಣಗಳ ಭೇದವನ್ನು ಮರೆಮಾಚದಿರುವುದು ಅಧ್ಯಯನಕಾರರ ಹೊಣೆ. ತತ್ತ್ವವನ್ನು ಕಲಸಿ ಒಂದು ಮಾಡದೆಯೂ ನೆರೆಯವರ ಕೈಯನ್ನು ಹಿಡಿಯಬಹುದೆಂಬುದನ್ನು 1368ರ ಕಲ್ಲು ತೋರಿಸಿಕೊಟ್ಟಿದೆ. ಪರಧರ್ಮದ ಗ್ರಂಥವನ್ನು ಅದರ ಪರಿಭಾಷೆಯಲ್ಲಿಯೇ ಓದಿ ತಿಳಿಯುವುದು ಆ ಗೌರವದ ಮೊದಲ ಹೆಜ್ಜೆಯಾಗುತ್ತದೆ.